ಅಲುಗದ ಜಾಗ

ಕಚೇರಿಯ ಶೌಚಾಲಯದ ಬಾಗಿಲು ಅವತ್ತೂ ಕಚ್ಚಿಕೊಂಡಿತು. ಬಡಗಿ ಬಂದು ಎರಡು ಸಲ ಕೀಸಿ ಹೋದರೂ ಅದರ ಹಟ ಬಿಟ್ಟಿರಲಿಲ್ಲ. ಭುಜ ಕೊಟ್ಟು ನೂಕಿ ಒಳಹೊಕ್ಕು, ಎಳೆದಾಡಿ ಹೊರಬಂದ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಜ್ವಾಲಾಮುಖಿಯ ಮೇಲೆ ಕಣ್ಣಿಡುವುದು ಅವಳ ಕೆಲಸ. ಉಪಗ್ರಹ ಮೇಲಿನಿಂದ ರೇಡಾರ್ ಅಲೆ ಬಿಟ್ಟು, ನೆಲಕ್ಕೆ ತಾಗಿ ಮರಳಿದ್ದನ್ನು ಹಿಡಿಯುತ್ತದೆ. ಹಿಂದಿನ ಚಿತ್ರಕ್ಕೂ ಇಂದಿನದಕ್ಕೂ ತಾಳೆ ನೋಡಿದರೆ ಬೆಟ್ಟ ಬೆರಳಗಲ ಉಬ್ಬಿದ್ದರೂ ಗೊತ್ತಾಗುತ್ತದೆ. ಬೆಳಿಗ್ಗೆ ಬಂದ ಚಿತ್ರದಲ್ಲಿ ಬೆಟ್ಟದ ಬಾಯಿ ಮೇಲೆದ್ದಿತ್ತು. ಮರುದಿನ ಬೆಳಗಾಗುವುದರೊಳಗೆ ಬುಡದ ಊರು ಖಾಲಿಯಾಗಬೇಕೆಂದು ಸಾಹೇಬರು ಆಜ್ಞೆ ಸಿದ್ಧ ಮಾಡಿ ಕೂತಿದ್ದರು.

ಆ ಊರಿನಲ್ಲಿ ಅವಳ ಅಣ್ಣ ಜೇನು ಸಾಕಿಕೊಂಡಿದ್ದ. ಹೋದ ವರ್ಷವೂ ಅವನನ್ನು ಊರಿನಿಂದ ಇವಳೇ ಎಬ್ಬಿಸಿದ್ದಳು. ಹಾಡಹಗಲೇ ಪೆಟ್ಟಿಗೆಗಳ ಬಾಯಿ ಮುಚ್ಚಿ ಲಾರಿಗೆ ಹೇರಿದ್ದ. ಹೂವಿಗೆ ಹೋದ ಹುಳಗಳು ಹಿಂದಿರುಗಿ, ಗೂಡು ಕಾಣದೆ ಸತ್ತವು. ಬೆಟ್ಟ ಮಾತ್ರ ಕೆಮ್ಮಲೂ ಇಲ್ಲ. ಹಿಂದಿನ ಚಿತ್ರ ತೆಗೆದಾಗಿದ್ದ ಗಾಳಿಯ ತೇವ ಅಲೆಯನ್ನು ತಡವಾಗಿಸಿ, ಏಳದ ಬೆಟ್ಟವನ್ನು ಎದ್ದಂತೆ ತೋರಿಸಿತ್ತು. ಅಂದಿನಿಂದ ಅಣ್ಣ ಅವಳೊಡನೆ "ಊಟ ಆಯ್ತಾ" ಎನ್ನುವುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

ಈ ಸಲ ಫೋನಿನಲ್ಲಿ ಅಂಗಲಾಚಿ, ಬೈದು, ಅತ್ತಿಗೆಯನ್ನು ನಡುವೆ ತಂದು ಒಪ್ಪಿಸಿದ್ದಳು. ಹೊತ್ತು ಮುಳುಗಿ ಹುಳಗಳೆಲ್ಲ ಒಳಸೇರಿದ ಮೇಲೆಯೇ ಮುಚ್ಚುತ್ತೇನೆ ಎಂದಿದ್ದ.

"ಈ ಸಲಾನೂ ಸುಳ್ಳಾದ್ರೆ ನನ್ನ ಬಾಗಿಲಿಗೆ ಬರಬೇಡ," ಎಂದು ಫೋನಿಟ್ಟಿದ್ದ.

ಹಾಗಾಗಿ ಮತ್ತೆ ಚಿತ್ರದ ಮುಂದೆ ಕೂತಳು. ತೇವದ ಲೆಕ್ಕ ಕಳೆದರೂ ಏರಿಕೆ ಹಾಗೇ ಉಳಿಯಿತು. ಇಡೀ ಕಚೇರಿ ಬೆಟ್ಟದ ಬಾಯಿಯ ಅಂಕಿಯೊಂದನ್ನೇ ನೋಡಿ ಗಾಬರಿಬಿದ್ದಿತ್ತು. ಇವಳೂ ಅದರಲ್ಲಿ ಸೇರಿದವಳೇ. ಈಗ ಬುಡದ ಬಂಡೆಗಳನ್ನು ನೋಡಿದಳು. ಅವೂ ಅಷ್ಟೇ ಎದ್ದಿದ್ದವು. ಒಳಗಿನಿಂದ ಒತ್ತಿದರೆ ನಡುವೆ ಗುಳ್ಳೆಯ ಹಾಗೆ ಉಬ್ಬಬೇಕು. ಇದೇನು, ಬೆಟ್ಟ ಲಿಫ್ಟು ಹತ್ತಿತೇ?

ಈ ವಿದ್ಯೆಯಲ್ಲಿ ಒಂದು ಜಾಗ ಅಲುಗುವುದಿಲ್ಲ ಎಂದು ಮೊದಲೇ ನಂಬಿ, ಉಳಿದದ್ದನ್ನು ಅದರಿಂದ ಅಳೆಯಬೇಕು. ಇವರು ನಂಬಿದ್ದು ಇದೇ ಕಚೇರಿಯ ತಾರಸಿಯನ್ನು. ಯಾವುದೋ ಕಾಲದ ಸಾಹೇಬರು ಗೊತ್ತುಮಾಡಿದ್ದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಪಕ್ಕದಲ್ಲಿ ಬಂದ ಐಸ್ ಕಾರ್ಖಾನೆ ನೆಲದೊಳಗಿನ ನೀರನ್ನೆಲ್ಲ ಹೀರುತ್ತಿತ್ತು. ಅವಳ ಕಣ್ಣು ಶೌಚಾಲಯದ ಓರೆ ಚೌಕಟ್ಟಿನ ಮೇಲೆ ನಿಂತಿತು. ಭುಜ ನೋಯುವಷ್ಟು ಸಲ ನೂಕಿಯೂ ಬುದ್ಧಿ ಬರಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಕಚೇರಿಯಿರುವ ಊರಾಚೆಯ ಹೆಬ್ಬಂಡೆಯನ್ನು ಅಲುಗದ ಜಾಗವೆಂದು ಹಿಡಿದು ಮತ್ತೆ ಲೆಕ್ಕ ಹಾಕಿಸಿದಳು. ಬೆಟ್ಟ ತೆಪ್ಪಗೆ ಮಲಗಿತ್ತು. ತಾರಸಿ ತಾನು ಕೆಳಗಿಳಿದು, ಉಳಿದದ್ದೆಲ್ಲ ಮೇಲೆದ್ದಂತೆ ತೋರಿಸಿತ್ತು.

ಸಾಹೇಬರು ಒಪ್ಪಲೊಲ್ಲರು. ನಮ್ಮ ಕಟ್ಟಡವೇ ಕುಸಿಯುತ್ತಿದೆ ಎಂದು ಮೇಲಿನವರಿಗೆ ಯಾವ ಮುಖದಲ್ಲಿ ಹೇಳಲಿ ಎಂದು ಗೊಣಗಿದರು.

"ಒಂದ್ಸಲ ಟಾಯ್ಲೆಟ್ಟಿಗೆ ಹೋಗಿ ಬನ್ನಿ ಸರ್," ಎಂದಳು. "ಬಾಗಿಲು ಪೂರ್ತಿ ಹಾಕ್ಕೊಳ್ಳಿ."

ಅವರು ಹೋದರು. ಅವಳು ಅಣ್ಣನಿಗೆ ಫೋನು ಮಾಡಿದಳು. ಕಿಟಕಿಯಾಚೆ ಹೊತ್ತು ಕಂತುತ್ತಿತ್ತು.

"ಪೆಟ್ಟಿಗೆ ಮುಚ್ಚಿಬಿಟ್ಯಾ?"

"ಇನ್ನೂ ಹುಳ ಬರ್ತಾ ಇವೆ. ಏನೀಗ?"

"ಮುಚ್ಚಬೇಡ ಅಣ್ಣ. ಬೆಟ್ಟ ಎದ್ದಿಲ್ಲ. ನಮ್ಮ ಆಫೀಸೇ ಕುಸಿದಿರೋದು."

ಜೇನಿನ ಗುಂಯ್‌ಗುಡುವಿಕೆಯ ನಡುವೆ ಅಣ್ಣ ದನಿ ಏರಿಸಿದ.

"ನೀವು ಕೂತ ಜಾಗ ಕುಸಿದ್ರೆ, ಗಂಟುಮೂಟೆ ಕಟ್ಟೋದು ನಾನಾ?"

"ತಪ್ಪಾಯ್ತು. ನಿನ್ನ ಬಾಗಿಲಿಗೆ ಬರಲ್ಲ, ಬಿಡು."

"ಹುಳ ಸಾಯೋಕೆ ಮುಂಚೆ ಬಾಯಿ ಬಿಟ್ಟಿದೀಯಲ್ಲ, ಅದೇ ದೊಡ್ಡದು," ಎಂದ ಅಣ್ಣ. "ಭಾನುವಾರ ಬಾ. ಲಾರಿಗೆ ಹೇರಿದ ಕಬ್ಬಿಣದ ಬೀರು ಮತ್ತೆ ಮನೆಯೊಳಗಿಡೋಕೆ ಒಂದು ಕೈ ಬೇಕು. ನಿಮ್ಮತ್ತಿಗೆ ಆಗಲೇ ಬೈತಾ ಇದಾಳೆ."

ಹಿಂದಿನಿಂದ ದಡಬಡ ಸದ್ದು ಬಂತು. ಸಾಹೇಬರು ಒಳಗಿನಿಂದ ಬಾಗಿಲು ಗುದ್ದುತ್ತಿದ್ದರು. ಅವಳು ಫೋನು ಜೇಬಿಗಿಟ್ಟು, ನೋಯದ ಭುಜ ಯಾವುದೆಂದು ನೋಡಿಕೊಂಡು ಎದ್ದಳು.