ಹೊಟ್ಟಿನ ಗುಡ್ಡೆಯ ಹಿಂದಿನ ಹಲಗೆ

೧೯೪೧ರ ಜನವರಿಯ ಒಂದು ಮಂಗಳವಾರ, ಮದ್ದೂರಿನ ಅಕ್ಕಿ ಮಿಲ್ಲೊಂದರಲ್ಲಿ ಬೆಲ್ಟಿಗೆ ತೋಳು ಸಿಕ್ಕಿ ದೇವಯ್ಯ ಸತ್ತ. ಗುರುವಾರ ಬೆಳಿಗ್ಗೆ ಮಿಲ್ಲಿನ ರೈಟರ್ ಚಿಕ್ಕಣ್ಣ, ಬರೆದ ಕಾಗದವೊಂದನ್ನು ಹಿಡಿದು ದೇವಯ್ಯನ ಹೆಂಡತಿ ಸೋಮಮ್ಮನ ಮನೆಗೆ ಬಂದ. ಜೊತೆಗೆ ಕೇರಿಯ ಕ್ರೈಸ್ತರ ಉಪದೇಶಿ ಚಲುವರಾಜು ಇದ್ದ.

'ಮದ್ಯಾನ ಅಮಲ್ದಾರ್ರು ವಿಚಾರ್ಣೆಗೆ ಬತ್ತಾರೆ. ಒಂದು ಹೆಬ್ಬೆಟ್ಟು ಒತ್ತಮ್ಮ,' ಎಂದ ಚಿಕ್ಕಣ್ಣ.

'ಏನು ಬರ್ದದೆ, ಓದಿ ಉಪದೇಸಿಗಳೇ.'

ಚಲುವರಾಜು ಓದಿದ: ನನ್ನ ಗಂಡನ ಸಾವು ದೇವರ ಚಿತ್ತ, ಇದರಲ್ಲಿ ಯಾರ ತಪ್ಪೂ ಇಲ್ಲ.

ಮೊದಲರ್ಧ ಅವಳದೇ ಮಾತು. ಮಲೇರಿಯಾದಲ್ಲಿ ಮಗಳು ಹೋದಾಗ ಅಂದಿದ್ದಳು. ನಾಲೆಯ ನೀರು ಮೊದಲ ಸಲ ಗದ್ದೆಗೆ ಹರಿದಾಗಲೂ ಅಂದಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು.

'ನೀನೇ ಯಾವಾಗ್ಲೂ ಅನ್ನೋ ಮಾತಲ್ವಾ?' ಎಂದ ಚಿಕ್ಕಣ್ಣ.

'ಅಂದಿವ್ನಿ. ನನ್ ಮಗೀನ ಕರ್ಕಂಡೋನು ಆತ, ಒಪ್ಕಂಡೆ. ಬೆಲ್ಟಿನ ಮುಂದ್ಲ ಹಲಗೆ ಕಿತ್ತೋರು ಯಾರು?'

ಕೈ ಸಿಕ್ಕದಂತೆ ಹೊಡೆದಿದ್ದ ಆ ಹಲಗೆಯನ್ನು, ಬೆಲ್ಟು ಜಾರಿದಾಗ ಹಿಡಿತಕ್ಕೆ ರಾಳ ಹಚ್ಚಲು ಅಡ್ಡವೆಂದು, ದೀಪಾವಳಿಗೆ ಮುಂಚೆ ಕೀಳಿಸಿದವನು ಚಿಕ್ಕಣ್ಣನೇ. ಮತ್ತೆ ಹಾಕಿಸಿ ಎಂದು ದೇವಯ್ಯ ಎರಡು ಸಲ ಕೇಳಿದ್ದ. ಹಲಗೆ ಹೊಟ್ಟಿನ ಗುಡ್ಡೆಯ ಹಿಂದೆಯೇ ಬಿದ್ದಿತ್ತು. ಬರುವ ಸೋಮವಾರದಿಂದ ಅದೇ ಬೆಲ್ಟಿಗೆ ಸೋಮಮ್ಮನ ತಮ್ಮ ಕೆಂಪಯ್ಯನನ್ನು ಗೊತ್ತು ಮಾಡಿದ್ದರು.

'ದೇವರ ಅಪ್ಪಣೆ ಇಲ್ಲದೆ ಏನೂ ನಡೆಯೋದಿಲ್ಲ, ಸೋಮಮ್ಮ,' ಎಂದ ಚಲುವರಾಜು ಮೆಲ್ಲಗೆ.

'ಗೊತ್ತು ಕಣಯ್ಯ. ನನ್ ಗಂಡ ಈಗ ಆತನ ತಾವ್ ಅವ್ನೆ, ಅದ್ರಲ್ಲಿ ನಂಗೆ ಅನುಮಾನಿಲ್ಲ. ಆದ್ರೆ ಇವ್ರು ಕಿತ್ತ ಹಲಗೇನ ಆತನ ತಲೆಗೆ ಕಟ್ಟಕ್ಕೆ ನನ್ ಹೆಬ್ಬೆಟ್ಟು ಬೇಕಾ? ಸುಳ್ಸಾಕ್ಸಿ ಹೇಳ್ಬ್ಯಾಡ ಅಂತ ಕಲಿಸ್ದೋರು ನೀವೇಯ. ನೆರೆಯೋರ ಮ್ಯಾಲೆ ಹೇಳ್ಬಾರ್ದು, ದೇವ್ರ ಮ್ಯಾಲೆ ಹೇಳ್ಬೋದಾ?'

'ಬಾಯಿ ಜಾಸ್ತಿ ಆಯ್ತು ನಿಂದು,' ಎಂದ ಚಿಕ್ಕಣ್ಣ. 'ನಿನ್ ತಮ್ಮುಂಗೆ ಕೆಲ್ಸ ಬ್ಯಾಡ್ವಾ?'

'ಬೇಕು. ಅವ್ನ ಎರಡು ಕೈಯೂವೆ ಬೇಕು.'

ಚಲುವರಾಜು ಕಾಗದವನ್ನು ಮಡಚಿ ಚಿಕ್ಕಣ್ಣನ ಕೈಗೆ ವಾಪಸು ಕೊಟ್ಟ.

ಮಧ್ಯಾಹ್ನ ಅಮಲ್ದಾರರು ಮಿಲ್ಲಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾಗ, ಸೋಮಮ್ಮ ಹೊಟ್ಟಿನ ಗುಡ್ಡೆಯ ಹಿಂದಿನಿಂದ ಬಂದಳು. ಹಲಗೆಯ ಒಂದು ತುದಿ ಅವಳ ಹೆಗಲ ಮೇಲಿತ್ತು, ಇನ್ನೊಂದು ಉಪದೇಶಿಯ ಹೆಗಲ ಮೇಲೆ. ಕಿತ್ತ ನಾಲ್ಕು ಮೊಳೆಗಳು ಅದರಲ್ಲೇ ಇದ್ದವು.

'ಏನಮ್ಮ ಇದು?' ಎಂದರು ಅಮಲ್ದಾರರು.

'ಸೋಮ್ವಾರದೊಳ್ಗೆ ಇದು ಮೊದ್ಲಿದ್ದ ಜಾಗಕ್ಕೆ ಓಗ್ಬೇಕು, ಬುದ್ದಿ. ಅದ್ನ ಬರ್ಕೊಳ್ಳಿ. ಹೆಬ್ಬೆಟ್ಟು ಒತ್ತೀನಿ.'