ಕಪ್ಪಿಯ ಪಾಚಿ

ಪಾಚಿ ಪುಡಿಯ ಡಬ್ಬದ ಮುಚ್ಚಳ ತೆಗೆದು ಮೂಸಿದವನೇ ಲಾಯದ ಯಜಮಾನ ಮುಖ ಹಿಂಡಿದ. ಕೊಳದ ಕೆಸರಿನ ವಾಸನೆ.

“ಪಾಚಿ ತಿಂದು ಯಾವ ಕುದುರೆ ಓಡಿದೆ?”

“ಓಡೋಕಲ್ಲ ಭಾವ, ಓಡಿದ ಮೇಲೆ ಸುಧಾರಿಸಿಕೊಳ್ಳೋಕೆ,” ಎಂದಳು ನಾದಿನಿ. ಅವಳು ಜಾನುವಾರು ಡಾಕ್ಟರು. “ಜೋರಾಗಿ ಓಡಿದಾಗ ಒಳಗೆ ಹೋದ ಆಮ್ಲಜನಕವೇ ಕಿಡಿ ಹಾರಿಸಿ ಸ್ನಾಯು ಸುಡುತ್ತೆ. ಪಾಚಿ ಆ ಕಿಡಿ ಆರಿಸುತ್ತಾ ಅಂತ ನೋಡ್ಬೇಕು. ಆರಿಸುತ್ತೆ ಅಂತ ನಾನೇನೂ ಆಣೆ ಮಾಡಲ್ಲ.”

ಕಪ್ಪಿ ಅವನ ಕೈಯಲ್ಲೇ ಹುಟ್ಟಿ ಬೆಳೆದ ಹೆಣ್ಣುಕುದುರೆ. ಗಾಳಿಯ ಹಾಗೆ ಓಡುತ್ತಿದ್ದಳು. ಓಡಿ ಬಂದ ಮೇಲೆ ಮಾತ್ರ ತೊಡೆ ಕಲ್ಲಾಗಿ, ಹೆಜ್ಜೆ ಎತ್ತಲಾರದೆ ನಿಂತುಬಿಡುತ್ತಿದ್ದಳು. ಈ ಪುಡಿ ತಿಂದೂ ರಕ್ತದ ಪರೀಕ್ಷೆಯಲ್ಲಿ ಸುಧಾರಣೆ ಕಾಣದಿದ್ದರೆ ಅವಳನ್ನು ಓಟದಿಂದ ಬಿಡಿಸಲೇಬೇಕು ಎಂದು ನಾದಿನಿ ಮುಲಾಜಿಲ್ಲದೆ ಹೇಳಿದ್ದಳು.

ಅವನಿಗೆ ಪುಡಿಯ ಮೇಲೇ ಅನುಮಾನ. ಪಕ್ಕದ ಲಾಯದವನ ಮೇವಿಗೆ ಯಾರೋ ಏನೋ ಮದ್ದು ಬೆರೆಸಿ, ಅದು ರೇಸಿನವರ ಪರೀಕ್ಷೆಯಲ್ಲಿ ಸಿಕ್ಕಿ, ಅವನ ಲೈಸೆನ್ಸೇ ಹೋಗಿತ್ತು.

“ಕಲಸೋದು ಬೇಡ. ಒಣಗಿದ್ದನ್ನೇ ಕಾಳಿನ ಮೇಲೆ ಉದುರಿಸೋದು, ನನ್ನ ಕಣ್ಣಿಗೆ ಕಾಣೋ ಹಾಗೆ. ಕಲಸಿದ ಮೇಲೆ ಒಳಗೇನಿದೆ ಅಂತ ದೇವರಿಗೂ ಗೊತ್ತಾಗಲ್ಲ.”

“ನೀರು ಹಾಕಿ ಕಲಸಿದ್ರೆ ಒಳ್ಳೇದು ಭಾವ.”

“ಉದುರಿಸೋದು ಅಂದ್ರೆ ಉದುರಿಸೋದು.”

ದಿನವೂ ಅವನೇ ಉದುರಿಸಿದ. ಯಾರಾದರೂ ನೋಡುತ್ತ ನಿಂತರೆ ಕಪ್ಪಿ ಬಾಯಿ ಹಾಕುವವಳಲ್ಲ. ಹಾಗಾಗಿ ಉದುರಿಸಿ, ಕದ ಹಾಕಿ ಹೊರಡುತ್ತಿದ್ದ. ಒಳಗೆ ಅವಳ ಜೊತೆಗೆ ಗಡ್ಡಪ್ಪ ಇರುತ್ತಿದ್ದ. ಗಡ್ಡಪ್ಪ ಎಂದರೆ ಬಿಳಿ ಹೋತ. ಬೆದರುವ ಕುದುರೆಗೆ ಜೊತೆಯಾಗಿ ಮೇಕೆ ಬಿಡುವುದು ಲಾಯದವರ ವಾಡಿಕೆ.

ಕೆಲವು ವಾರ ಬಿಟ್ಟು ನಾದಿನಿ ಮತ್ತೆ ಕಪ್ಪಿಯ ರಕ್ತ ತೆಗೆದು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ನಿಜ ಹೇಳಿ ಭಾವ. ಪುಡಿ ಕುದುರೆಗೆ ಹಾಕ್ತಿದೀರೋ, ಚರಂಡಿಗೆ ಸುರೀತಿದೀರೋ?”

“ನನ್ನನ್ನೇ ಕೇಳ್ತೀಯಾ? ಡಬ್ಬ ತಂದವಳು ನೀನು. ಯಾರ ಮಾತು ಕೇಳಿ ತಂದೆಯೋ, ಅದರಲ್ಲಿ ಏನಿದೆಯೋ.”

ಹೆಂಡತಿ ಬಾಗಿಲಲ್ಲಿ ನಿಂತು, “ಇಬ್ರೂ ಜುಟ್ಟು ಹಿಡ್ಕೊಂಡು ಹೊಡೆದಾಡಿ, ಕುದುರೆ ನೋಡಿ ನಗಲಿ,” ಎಂದಳು.

“ನಿನ್ನ ತಂಗೀಗೆ ಹೇಳು, ಇನ್ನು ಲಾಯದೊಳಗೆ ಕಾಲಿಡೋದು ಬೇಡ.”

ಅಷ್ಟಕ್ಕೂ ಸಮಾಧಾನವಾಗಲಿಲ್ಲ. ತಾನು ಅತ್ತ ಹೋದಾಗ ನಾದಿನಿ ಹಿಂದಿನ ಬಾಗಿಲಿಂದ ಬಂದು ಏನೋ ಮಾಡುತ್ತಿರಬೇಕು. ಮರುದಿನ ಬೆಳಿಗ್ಗೆ ಪುಡಿ ಉದುರಿಸಿದವನೇ ಬೂಟು ಸದ್ದು ಮಾಡುತ್ತ ಹೊರಟು, ಬರಿಗಾಲಲ್ಲಿ ಹಿಂತಿರುಗಿ, ಕದದ ಸಂದಿಗೆ ಕಣ್ಣಿಟ್ಟ.

ಯಾರೂ ಬರಲಿಲ್ಲ. ಕಪ್ಪಿ ಗೋದಲಿಗೆ ಮೂತಿ ಇಳಿಸಿ ಜೋರಾಗಿ ಸೀನಿದ ಹಾಗೆ ಊದಿದಳು. ಹಸಿರು ಧೂಳು ಎದ್ದು ನೆಲಕ್ಕೆ ಇಳಿಯಿತು. ಅವಳು ಕಾಳನ್ನಷ್ಟೇ ಮೇದಳು. ಗಡ್ಡಪ್ಪ ಬಂದು ನೆಲವನ್ನು ಒರೆಸಿದ ಹಾಗೆ ನೆಕ್ಕಿದ. ಅವನ ಗಡ್ಡ ಹಸಿರಾಗಿತ್ತು. ಹುಲ್ಲಿನ ಬಣ್ಣ ಎಂದುಕೊಂಡು ಇಷ್ಟು ದಿನ ಅದನ್ನು ನೋಡಿಯೂ ಸುಮ್ಮನಿದ್ದ.

ನಾದಿನಿಗೆ ಫೋನ್ ಹಚ್ಚಿ, “ಬಾ. ಏನೂ ಕೇಳಬೇಡ, ಬಾ,” ಎಂದ.

ನಾದಿನಿ ಗಡ್ಡಪ್ಪನ ಗಡ್ಡ ಹಿಡಿದು ನೋಡಿದಳು. “ಕಪ್ಪಿ ನಾಲಿಗೆಗೆ ಪುಡಿ ಸೋಕೇ ಇಲ್ಲ ಭಾವ.”

“ಹಾಗಾದ್ರೆ ಓಟ ಬಿಡಿಸೋದು ಬೇಡ?”

“ಗೊತ್ತಿಲ್ಲ. ಪುಡಿ ಒಳ್ಳೇದೋ ಅಲ್ಲವೋ, ಅದೂ ಗೊತ್ತಿಲ್ಲ. ಮೊದಲಿಂದ ಶುರು ಮಾಡ್ಬೇಕು. ನೀರು ಹಾಕಿ ಕಲಸಿ.”

ಅವನು ನೆಲ ನೋಡಿದ. “ಕಲಸೋವಾಗ ನಾನು ಪಕ್ಕದಲ್ಲೇ ಇರ್ತೀನಿ.”

“ಇರಿ. ಬೇಕಾದ್ರೆ ಮೊದಲು ನೀವೇ ತಿನ್ನಿ.”

ಅವಳು ತಮಾಷೆಗೆ ಅಂದಿದ್ದು. ಅವನು ಕಲಸಿದ ಮೇವಿಗೆ ನಿಜವಾಗಿಯೂ ಬೆರಳದ್ದಿ ನೆಕ್ಕಿ, ಮತ್ತೆ ಮುಖ ಹಿಂಡಿದ.

ಹೋತವನ್ನು ಹೊರಗೆ ಕಟ್ಟಿದರೆ ಕಪ್ಪಿ ಕದ ಒದ್ದಳು. ಬೇರೆ ದಾರಿಯಿಲ್ಲದೆ ಯಜಮಾನ ಲಾಯದೊಳಗೇ ಅವಳಿಗೆ ಬೆನ್ನು ಮಾಡಿ, ಗಡ್ಡಪ್ಪನನ್ನು ತೊಡೆಯ ಮೇಲೆ ಅವುಚಿಕೊಂಡು ಕೂತ. ಹಿಂದೆ ಒದ್ದೆ ಮೇವು ಅಗಿಯುವ ಸದ್ದು ಶುರುವಾಯಿತು. ತಿರುಗಿ ನೋಡಬೇಕೆಂದು ಕುತ್ತಿಗೆ ತುರಿಸುತ್ತಿತ್ತು, ನೋಡಲಿಲ್ಲ. ಗಡ್ಡಪ್ಪ ಅವನ ಹಸಿರು ಬೆರಳನ್ನು ನೆಕ್ಕತೊಡಗಿದ.