ರಫೂ ಕೋಣೆಯ ಬಿಳಿ ಬೆಳಕು

ಅತ್ತೆ ರಫೂ ಮಾಡುತ್ತಿದ್ದರು. ಹರಿದ ಕೋಟು, ಇಲಿ ಕಚ್ಚಿದ ಶಾಲು, ಏನೇ ಬರಲಿ, ಅದೇ ಬಣ್ಣದ ಎಳೆ ಹುಡುಕಿ, ಹರಿದದ್ದೆಲ್ಲಿ ಎಂದು ಬಟ್ಟೆಯ ಒಡೆಯರಿಗೇ ತಿಳಿಯದಂತೆ ನೇಯ್ದು ಮುಚ್ಚುವ ಕೆಲಸ. ಬೀದಿ ತಿರುವಿನ ಟೈಲರ್ ಬಟ್ಟೆ ಕಳಿಸುತ್ತಿದ್ದ. ಹಗಲೆಲ್ಲ ಅಡುಗೆ, ಮೊಮ್ಮಗು ಎಂದು ಓಡಾಡುವ ಅತ್ತೆ ಸಂಜೆಯಾದರೆ ಮೂಲೆಯ ಕೋಣೆಯಲ್ಲಿ ಬಲ್ಬಿನ ಕೆಳಗೆ ಕೂರುತ್ತಿದ್ದರು.

ಮನೆಯ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಾಯಿಸಿದವಳು ಸೊಸೆ. ಹಳೆಯ ಬಲ್ಬು ಬೆಳಕಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತದೆ ಎಂದು ಓದಿದಂದಿನಿಂದ ಅದು ಉರಿದಾಗಲೆಲ್ಲ ಅವಳಿಗೆ ಏನೋ ತಪ್ಪು ಮಾಡಿದಂತೆ ಅನಿಸುತ್ತಿತ್ತು. ಆಸ್ಪತ್ರೆಯ ಹಾಗಿದೆ ಎಂದು ಅತ್ತೆ ಗೊಣಗಿದರು. ಗಂಡ ಅವಳನ್ನು ಕರೆಂಟ್ ಮಂತ್ರಿಗಳೇ ಎಂದು ಕರೆಯತೊಡಗಿದ.

ಆಮೇಲೊಂದು ದಿನ ಟೈಲರ್ ಕಂದು ಕೋಟೊಂದನ್ನು ವಾಪಸು ತಂದ. ತೋಳಿನ ಮೇಲೆ ರಫೂ ಮಾಡಿದ ಜಾಗ ಹಸಿರಾಗಿ ಎದ್ದು ಕಾಣುತ್ತಿತ್ತು. ಬೈಯಲಿಲ್ಲ, ಆ ಜಾಗವನ್ನು ಬೆರಳಿಟ್ಟು ತೋರಿಸಿದ. ಅತ್ತೆ, ಕಣ್ಣು ಹೋಯಿತಪ್ಪ, ಇನ್ನು ಬಟ್ಟೆ ಕಳಿಸಬೇಡ ಎಂದು ಒಳಗೆ ಹೋದರು. ಅಂದಿನಿಂದ ಅವರು ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿಯತೊಡಗಿದರು.

ಸೊಸೆಗೆ ಸಮಾಧಾನವಿಲ್ಲ. ಅತ್ತೆ ಬಳಸಿದ ದಾರದುಂಡೆಯನ್ನು ಕೋಟಿನ ಮೇಲಿಟ್ಟು ಬಲ್ಬಿನ ಕೆಳಗೆ ನೋಡಿದಳು. ಎರಡೂ ಒಂದೇ ಬಣ್ಣ. ಕಿಟಕಿಯ ಬಳಿ ಒಯ್ದಳು. ಕೋಟು ಕಂದು, ದಾರ ಹಸಿರು. ಕಣ್ಣಿಗೆ ಏನೂ ಆಗಿರಲಿಲ್ಲ. ಅವಳು ಅಗ್ಗಕ್ಕೆ ತಂದ ಬಲ್ಬೇ ಬಣ್ಣವನ್ನು ತಪ್ಪಾಗಿ ತೋರಿಸುತ್ತಿತ್ತು. ಹೇಳಿದರೆ ಮನೆಯವರೆಲ್ಲ ಹಳೆಯದೇ ವಾಸಿ ಎಂದು ಪಟ್ಟು ಹಿಡಿಯುತ್ತಾರೆ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ಆದರೆ ಅತ್ತೆ ಮಗುವನ್ನು ಎತ್ತಿಕೊಳ್ಳಲು ಬಗ್ಗಿ, ಎಲ್ಲಿ ಬೀಳಿಸುತ್ತೇನೋ ಎಂದು ಕೈ ಹಿಂದಕ್ಕೆಳೆದುಕೊಂಡಾಗ ತಡೆಯಲಾಗಲಿಲ್ಲ. ಕೋಟನ್ನೂ ದಾರವನ್ನೂ ಅವರ ಕೈಗಿಟ್ಟು, ಬಲ್ಬಿನ ಕೆಳಗಿಂದ ಕಿಟಕಿಗೆ ಕರೆದೊಯ್ದಳು.

ಅತ್ತೆ ತಾವಾಗಿಯೇ ಇನ್ನೊಮ್ಮೆ ಹೋಗಿ ಬಂದರು.

"ಹಾಗಾದ್ರೆ ನಂಗೆ ವಯಸ್ಸಾಗಿಲ್ಲ ಅನ್ನು."

"ವಯಸ್ಸಾಗಿದೆ ಅತ್ತೆ. ಕಣ್ಣು ಸರಿಯಾಗಿದೆ. ಬಲ್ಬನ್ನ ನಾನೇ ಸರಿಯಾಗಿ ನೋಡದೆ ತಂದ್ಬಿಟ್ಟೆ."

"ಊರಿಗೆಲ್ಲ ಕುರುಡಿ ಅಂತ ಸಾರ್ಕೊಂಡು ಬಂದೆನಲ್ಲೇ."

ಅದು ಸಿಟ್ಟೋ ನಗುವೋ ತಿಳಿಯಲಿಲ್ಲ. ಬಣ್ಣ ಸರಿಯಾಗಿ ತೋರಿಸುವ ಎಲ್‌ಇಡಿಯೂ ಸಿಗುತ್ತದೆ ಎಂದು ಸೊಸೆ ತಡವರಿಸಿದಳು. ಅತ್ತೆ ಆಗಲೇ ಕಿಟಕಿಯ ಬಳಿ ಕುಳಿತು ಸೂಜಿಯ ತುದಿಯಿಂದ ತಪ್ಪು ಎಳೆಗಳನ್ನು ಕೀಳುತ್ತಿದ್ದರು. ಕಂದು, ಹಸಿರು ಎರಡೂ ದಾರ ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ಬಲ್ಬು ಹಚ್ಚಿಸಿ ನೋಡು, ಹಾಗೇ ಟೈಲರ್‌ಗೂ ವಿಷಯ ತಿಳಿಸು ಎಂದರು. ಏನೆಂದು ಹೇಳಲಿ ಎಂದು ಅವಳು ಕೇಳಿದಳು.

"ಇದ್ದದ್ದು ಹೇಳು. ನಿನ್ನ ಬಾಯಲ್ಲೇ ಬರ್ಲಿ."

ಗೇಟಿನ ಬಳಿ ಅವಳು ಸ್ವಲ್ಪ ಹೊತ್ತು ನಿಂತಳು. ಬಲ್ಬಿನ ಅಂಗಡಿ ಎಡಕ್ಕಿತ್ತು. ಅವಳು ಮೊದಲು ಬಲಕ್ಕೆ, ಟೈಲರ್ ಕಡೆಗೆ, ತಿರುಗಿದಳು.